ವಿಪತ್ತು ಬರುವ ಮುನ್ನ ದಯವಿಟ್ಟು ತಿಳಿಸಿ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಡಿಆರ್ ಪ್ಲಾನ್ ಇದೆ. ಡಿಸಾಸ್ಟರ್ ರಿಕವರಿ. ಸರ್ವರ್ ಸುಟ್ಟು ಬೂದಿಯಾದರೂ ಬಿಲ್ಲು, ಸ್ಟಾಕು, ಸಂಬಳ ನಿಲ್ಲಬಾರದು ಅಂತ ಮಾಡಿಕೊಳ್ಳುವ ಏರ್ಪಾಡು. ಪ್ಲಾನಿಗೆ ದಪ್ಪ ರಟ್ಟಿನ ಫೈಲ್ ಇದೆ, ಪುಟಪುಟಕ್ಕೂ ಸಹಿ, ಸೀಲು. ಆಡಿಟರ್ ಬಂದಾಗ ಫೈಲ್ ಹೊರಗೆ ಬರುತ್ತದೆ. ಅವರು ಕಾಫಿ ಕುಡಿದು ಟಿಕ್ ಹಾಕಿದ ಮೇಲೆ ಒಳಗೆ ಹೋಗುತ್ತದೆ.

ಸರ್ವರ್ ಮಿಷನ್ನು ಎಎಸ್/400 ಅನ್ನುವ, ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವ ಕಂಪ್ಯೂಟರ್ ವಂಶದ್ದು. 1988ರಲ್ಲಿ ಐಬಿಎಂ ತಂದದ್ದು; ಆಮೇಲೆ ಐಸೀರೀಸ್, ಸಿಸ್ಟಮ್ ಐ ಅಂತ ಹೆಸರು ಬದಲಾಗುತ್ತಲೇ ಬಂತು. ಗಟ್ಟಿ ಪಿಂಡ, ಸುಲಭಕ್ಕೆ ಕೆಡುವುದಿಲ್ಲ. ಕೆಡದ ಮಿಷನ್ನಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ?

ರಾತ್ರಿ ಬ್ಯಾಕಪ್ ಟೇಪಿಗೆ, ಟೇಪು ಬೀರುವಿಗೆ. ಬೀರು ಇರುವುದು ಸರ್ವರ್ ರೂಮಿನಲ್ಲೇ, ಏಸಿ ನೀರು ತೊಟ್ಟಿಕ್ಕುವ ಮೂಲೆಯಲ್ಲಿ. ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ಟೀ ಅಂಗಡಿ ಹತ್ತಿರ. "ಟೇಪು ಬೇರೆ ಕಡೆ ಇಡಬೇಕಲ್ವಾ ಸಾರ್?" ಅಂದರೆ, "ಇಲ್ಲೇ ಇದ್ರೆ ಬೇಗ ಸಿಗುತ್ತಲ್ಲಪ್ಪಾ" ಅಂತಾರೆ ಮ್ಯಾನೇಜರ್. ನಿಜವೇ. ಬೆಂಕಿಗೂ ಬೇಗ ಸಿಗುತ್ತದೆ.

ಮೊದಲನೆಯದು ಕೆಟ್ಟರೆ ಇರಲಿ ಅಂತ ಇಟ್ಟ ಎರಡನೇ ಮಿಷನ್ ರಸ್ತೆಯಾಚೆ ಇದೆ, ಕರೆಂಟ್ ಮಾತ್ರ ಅದೇ ಟ್ರಾನ್ಸ್‌ಫಾರ್ಮರಿನದು. ಸಾಫ್ಟ್‌ವೇರಿನ ಲೈಸೆನ್ಸ್ ಕೀ ಮೊದಲ ಮಿಷನ್ನಿನ ಸೀರಿಯಲ್ ನಂಬರಿಗೆ ತಾಳಿ ಕಟ್ಟಿಸಿಕೊಂಡಿದೆ. ಡೇಟಾ ಪೂರ್ತಿ ತುಂಬಿದರೂ ಪ್ರೋಗ್ರಾಂ ಏಳುವುದಿಲ್ಲ. ಹೊಸ ಕೀ ಬೇಕೆಂದರೆ ಮೇಲ್ ಹಾಕಬೇಕು. ಮೇಲ್ ಸರ್ವರ್ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.

ಇಷ್ಟು ಹತ್ತಿರ ಯಾಕೆ ಸಾರ್ ಅಂದದ್ದಕ್ಕೆ ಮ್ಯಾನೇಜರ್ ಇತಿಹಾಸ ತೆಗೆದರು. "1897ರಲ್ಲಿ ಮರದ ಅರಮನೆ ಸುಟ್ಟುಹೋಯ್ತು. ರಾಜಮನೆತನ ಎಲ್ಲಿಗೆ ಹೋಯ್ತು? ಜಗನ್ಮೋಹನಕ್ಕೆ. ಅದೂ ಕೂಗಳತೆಯಲ್ಲೇ ಇತ್ತಲ್ಲ! 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದೂ ಅಲ್ಲೇ." ವಾದ ಪಕ್ಕಾ. ಜಗನ್ಮೋಹನದ ಬಾಗಿಲು ತೆಗೆಯಲು ಸೀರಿಯಲ್ ನಂಬರ್ ಬೇಕಿರಲಿಲ್ಲ, ಅಷ್ಟೇ. ಹೊಸ ಅರಮನೆ ಮುಗಿದದ್ದು 1912ರಲ್ಲಿ ಅಂತ ನೆನಪಿಸಿದೆ. ಫೈಲಿನಲ್ಲಿ ಎಲ್ಲ ಮತ್ತೆ ಶುರುವಾಗಲು ಬರೆದಿರುವ ಗಡುವು ನಾಲ್ಕು ಗಂಟೆ. ಟೇಪಿನಿಂದ ಪೂರ್ತಿ ರಿಸ್ಟೋರ್ ಮಾಡಿ ನೋಡಿದವರು ಯಾರೂ ಇಲ್ಲ.

ಪಾಪ, ಇವರನ್ನಷ್ಟೇ ಯಾಕೆ ಅನ್ನಬೇಕು? 2021ರ ಫೆಬ್ರವರಿ 24ರಂದು ಎನ್ಎಸ್ಇ ಷೇರುಪೇಟೆಯಲ್ಲೇ ವಹಿವಾಟು ಸುಮಾರು ನಾಲ್ಕು ಗಂಟೆ ನಿಂತಿತ್ತು. ಡಿಆರ್ ಸೈಟ್, ಅಂದರೆ ಕೆಲಸ ಮುಂದುವರಿಸುವ ಬದಲಿ ಜಾಗ ಇತ್ತು, ಅಲ್ಲಿಗೆ ಹೋಗಲಿಲ್ಲ.

ಕೊನೆಗೆ ಡ್ರಿಲ್ ಮಾಡೋಣ ಅಂತಾಯಿತು. ಸರ್ಕ್ಯುಲರ್ ಹೊರಟಿತು: ಭಾನುವಾರ ಬೆಳಗ್ಗೆ ಹತ್ತಕ್ಕೆ ವಿಪತ್ತು, ಒಂಬತ್ತಕ್ಕೆ ಇಡ್ಲಿ-ವಡೆ. ಇಡ್ಲಿ-ವಡೆ ಸಮಯಕ್ಕೆ ಸರಿಯಾಗಿ ಬಂತು. ಒಂಬತ್ತೂವರೆಗೆ ಇಡೀ ಏರಿಯಾದಲ್ಲಿ ಕರೆಂಟ್ ಹೋಯಿತು. ಜನರೇಟರಿಗೆ ಡೀಸೆಲ್ ಹಾಕಿಸುವ ಕೆಲಸ ಫೈಲಿನ ಯಾವ ಪುಟದಲ್ಲೂ ಇರಲಿಲ್ಲ. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಚೀಟಿ: "ಕರೆಂಟ್ ಇಲ್ಲದ ಕಾರಣ ವಿಪತ್ತಿನ ಡ್ರಿಲ್ ಮುಂದೂಡಲಾಗಿದೆ." ಆ ದಿನ ಕರೆಂಟ್ ತೆಗೆಯಲ್ಲ ಅಂತ ಲೈನ್‌ಮನ್ ಒಪ್ಪಿದ ಮೇಲೆ ಹೊಸ ದಿನಾಂಕ ತಿಳಿಸುತ್ತಾರಂತೆ.