ಆತ್ಮ ಇರುವ ವಾಚಿಗೆ ಟೈಮು ಗೊತ್ತಿರಬೇಕಾಗಿಲ್ಲ

ಸ್ವಿಸ್ ವಾಚು ಕಂಪನಿ ಒಮೇಗಾದವರ ಆ ಕಂದು ವಾಚಿನ ಕಥೆ ನಿಮಗೆ ಗೊತ್ತೇ ಇದೆ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ ಅವರ 1957ರ ಮಾದರಿಯ ಒಂದು ಸ್ಪೀಡ್‌ಮಾಸ್ಟರ್ ವಾಚು 31 ಲಕ್ಷ ಸ್ವಿಸ್ ಫ್ರಾಂಕಿಗೆ ಹೋಯಿತು. ಹರಾಜಿನವರು ಅಂದಾಜು ಮಾಡಿದ್ದು ಹೆಚ್ಚೆಂದರೆ 1 ಲಕ್ಷ 20 ಸಾವಿರ. ಕೊಂಡವರು ಒಮೇಗಾದವರೇ, ತಮ್ಮ ಮ್ಯೂಸಿಯಮ್ಮಿಗೆ. 2023ರಲ್ಲಿ ನೋಡಿದರೆ ಅದು ಅಲ್ಲಿಷ್ಟು ಇಲ್ಲಿಷ್ಟು ಭಾಗ ಹೆಕ್ಕಿ ಜೋಡಿಸಿದ ಮಾಲು. ಇದರಲ್ಲಿ ತನ್ನದೇ ಮೂವರು ಮಾಜಿ ನೌಕರರ ಕೈವಾಡ ಇದೆ ಅಂತ ಕಂಪನಿಯೇ ಹೇಳಿಕೊಂಡಿತು.

ಎಲ್ಲರೂ ನಕ್ಕರು. ನಾನು ಮಾತ್ರ ಕೈಮುಗಿದೆ. ಯಾಕೆಂದರೆ ವಾಚು ಕೊಳ್ಳುವಾಗ ಲೆಕ್ಕಾಚಾರ ಬೇಡ, ಹೃದಯದ ಮಾತು ಕೇಳಿ ಅಂತ ಇಷ್ಟು ವರ್ಷ ನಮಗೆ ಬೋಧಿಸಿದವರು ಒಂದು ಸಲವಾದರೂ ತಾವೇ ಆ ಮಾತು ಪಾಲಿಸಿದ್ದಾರೆ. ಹೃದಯ ಹೇಳಿತು, ಕೊಂಡರು. ವಾಚು ಕಲಬೆರಕೆ ಇರಬಹುದು, ಆದರೆ ಹರಾಜಿನ ಸುತ್ತಿಗೆ ಬಿದ್ದಾಗ ಎದೆ ಝಲ್ಲೆಂದದ್ದು ಅಪ್ಪಟವೇ ಅಲ್ವಾ? 31 ಲಕ್ಷ ಕೊಟ್ಟದ್ದು ಅದಕ್ಕೇ ತಾನೇ?

ಅಷ್ಟಕ್ಕೂ ಆ ವಾಚಿನ ಹೆಚ್ಚುಗಾರಿಕೆ ಏನು? ಡಯಲ್ಲಿನ ಕಪ್ಪು ಬಣ್ಣ ಬಿಸಿಲಿಗೆ ಕೆಟ್ಟು ಕಂದು ತಿರುಗಿತ್ತು. ಇದಕ್ಕೆ ಟ್ರಾಪಿಕಲ್ ಡಯಲ್ ಅನ್ನುತ್ತಾರೆ. ಬಣ್ಣ ನಿಲ್ಲಲಿಲ್ಲ ಅಂದರೆ ಬೇರೆ ಯಾವ ಸಾಮಾನಾದರೂ ವಾಪಸ್ ಹೋಗುತ್ತದೆ. ಇಲ್ಲಿ ಅದು ಬೆಲೆ ಏರಿಸುತ್ತದೆ. ಡಯಲ್ಲಿನ ಮೇಲ್ಪದರ ಸಣ್ಣಗೆ ಬಿರುಕು ಬಿಟ್ಟರೆ ಅದಕ್ಕೆ ಸ್ಪೈಡರ್ ಡಯಲ್ ಅಂತ ಹೆಸರು. ಸುತ್ತಿನ ಬಳೆಯ ಬಣ್ಣ ಮಾಸಿ ಬೂದಿಯಾದರೆ ಅದು ಘೋಸ್ಟ್ ಬೆಜೆಲ್. ಹೆತ್ತವರಿಗೆ ಹೆಗ್ಗಣ ಮುದ್ದು ಸರಿ, ಇಲ್ಲಿ ಪಕ್ಕದ ಮನೆಯವರೂ ಆ ಹೆಗ್ಗಣಕ್ಕೆ ಸಾಲುಗಟ್ಟಿ ನಿಂತಿದ್ದಾರೆ.

ಹಳೆಯದಾಗಲು ಐವತ್ತು ವರ್ಷ ಕಾಯುವ ವ್ಯವಧಾನ ಯಾರಿಗಿದೆ? ಹಾಗಾಗಿ ಈಗ ಕಾರ್ಖಾನೆಯಲ್ಲೇ ಮುದಿ ಮಾಡಿ ಕೊಡುತ್ತಾರೆ. ಹಿಂದೆ ಕತ್ತಲಲ್ಲಿ ಮುಳ್ಳು ಹೊಳೆಯಲಿ ಅಂತ ಮೊದಲು ರೇಡಿಯಂ, ಆಮೇಲೆ ಟ್ರಿಟಿಯಂ ಬಳಿಯುತ್ತಿದ್ದರು. ಟ್ರಿಟಿಯಂ ಸುಮಾರು 12 ವರ್ಷಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಬಳಿದ ಬಣ್ಣವೂ ಕ್ರಮೇಣ ಹಳದಿಯಾಗುತ್ತದೆ. ಅಂದರೆ ಆ ಕೆನೆಬಣ್ಣ ಹೇಳುವುದು ಇಷ್ಟೇ: ಇದು ಇನ್ನು ಹೊಳೆಯುವುದಿಲ್ಲ. ಈಗ ಬಳಸುವ ಸೂಪರ್-ಲುಮಿನೋವಾದಲ್ಲಿ ವಿಕಿರಣ ಇಲ್ಲ, ಚೆನ್ನಾಗಿ ಹೊಳೆಯುತ್ತದೆ, ಹಾಗೆ ಹಳದಿಯೂ ಆಗುವುದಿಲ್ಲ. ಅದೇ ಅದರ ತಪ್ಪು. ಆದ್ದರಿಂದ ಬೇಕಂತಲೇ ಕೆನೆಬಣ್ಣ ಬೆರೆಸುತ್ತಾರೆ. ಬಣ್ಣ ಬೆರೆಸಿದರೆ ಹೊಳಪು ಕಡಿಮೆಯಾಗುತ್ತದೆ. ಹೊಸ ವಾಚಿಗೆ ಸುಳ್ಳು ವಯಸ್ಸು ಹಚ್ಚಿ, ಅದು ಮಾಡುತ್ತಿದ್ದ ಒಂದು ಕೆಲಸವನ್ನೂ ಕುಗ್ಗಿಸಿ, ‘ಪರಂಪರೆ’ ಅಂತ ಡಬ್ಬಿಗೆ ಹಾಕಿ ಕೊಡುತ್ತಾರೆ. ನಾವು ಕಣ್ಣೀರು ಒರೆಸಿಕೊಂಡು ಕಾರ್ಡು ಉಜ್ಜುತ್ತೇವೆ.

ಇನ್ನು ಟೈಮು. ವಾಚಿನ ವಿಷಯದಲ್ಲಿ ಟೈಮಿನ ಮಾತೆತ್ತುವುದು ಅಸಭ್ಯ ಅಂತ ಗೊತ್ತು, ಆದರೂ ಒಂದೆರಡು ಮಾತು. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೋದವರು ಮೊದಲ ಕ್ವಾರ್ಟ್ಜ್ ಕೈಗಡಿಯಾರ, ಅಂದರೆ ಸೆಲ್ಲಿನ ಬಲದಲ್ಲಿ ಕಂಪಿಸುವ ಹರಳಿನಿಂದ ಟೈಮು ಅಳೆಯುವ ವಾಚು ತಂದರು. ತಿಂಗಳಿಗೆ 5 ಸೆಕೆಂಡು ಆಚೀಚೆ, ಅಷ್ಟೇ. ಇವತ್ತಿನ ಮಾಮೂಲಿ ಸೆಲ್ ವಾಚಿನೊಳಗೆ ಒಂದು ಚೂರು ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಕ್ಯಾಸಿಯೋದ ಎಫ್-91ಡಬ್ಲ್ಯೂ ಅನ್ನುವ ಅಗ್ಗದ ಸೆಲ್ ವಾಚು 1989ರಿಂದ ಇದೆ. ತಿಂಗಳಿಗೆ 30 ಸೆಕೆಂಡು ತಪ್ಪಬಹುದು, ಸೆಲ್ಲು ಸುಮಾರು 7 ವರ್ಷ ಬರುತ್ತದೆ. ಈಗ ಸ್ವಿಟ್ಜರ್‌ಲೆಂಡಿನ ಸಿಒಎಸ್‌ಸಿ ಸಂಸ್ಥೆ ಪರೀಕ್ಷೆ ಮಾಡಿ ಕ್ರೋನೋಮೀಟರ್, ಅಂದರೆ ನಿಖರ ವಾಚು ಅಂತ ಸರ್ಟಿಫಿಕೇಟ್ ಕೊಡುವ ಸ್ಪ್ರಿಂಗ್ ವಾಚು ನೋಡಿ. ಅದು ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಇಲ್ಲವೇ 6 ಸೆಕೆಂಡು ಮುಂದೆ ಹೋಗಬಹುದು. ದಿನಕ್ಕೆ! ತಿಂಗಳಿಗೆ 3 ನಿಮಿಷ ಓಡಿದರೂ ಸನ್ನಡತೆಯ ಪತ್ರ ಕೈಯಲ್ಲೇ ಇರುತ್ತದೆ.

ಇದನ್ನು ಕೇಳಿದರೆ ಉತ್ತರ ಒಂದೇ: ‘ಅದಕ್ಕೆ ಆತ್ಮ ಇದೆ.’ ತಕ್ಕಡಿ ದಿನಕ್ಕಿಷ್ಟು ಅಂತ ತೂಕ ತಪ್ಪುತ್ತಾ ಹೋದರೆ ಅಂಗಡಿಯವನು ಆತ್ಮದ ಮಾತಾಡಲಿ ನೋಡೋಣ! ಆದರೆ ಸೆಲ್ ವಾಚಿಗೆ ಆತ್ಮ ಇಲ್ಲವಂತೆ, ಯಾಕೆಂದರೆ ಅದರ ಮುಳ್ಳು ಟಕ್ ಟಕ್ ಅಂತ ನಿಂತು ನಡೆಯುತ್ತದೆ, ಸ್ಪ್ರಿಂಗಿನದು ಹಾಗೇ ಜಾರುತ್ತದೆ. ಆ ಜಾರುವಿಕೆಯನ್ನು ಭೂತಗನ್ನಡಿ ಹಿಡಿದು ನೋಡಿ: ಸಾಮಾನ್ಯವಾಗಿ ಸೆಕೆಂಡಿಗೆ ಎಂಟು ಸಣ್ಣ ಸಣ್ಣ ಟಕ್. ಆತ್ಮಕ್ಕೂ ಅನಾತ್ಮಕ್ಕೂ ನಡುವೆ ಏಳೇ ಟಕ್ಕಿನ ಅಂತರ.

ವಾಚು ತಡೆಯುವ ನೀರಿನ ಆಳದ ವಿಷಯ ಇನ್ನೂ ಚೆನ್ನ. ಸ್ಪೆಸಿಫಿಕೇಶನ್ ನೋಡಬೇಡಿ ಅನ್ನುವವರೇ ಡಯಲ್ ಮೇಲೆ 300 ಮೀಟರ್ ಅಂತ ದೊಡ್ಡದಾಗಿ ಬರೆಯುತ್ತಾರೆ. ಹವ್ಯಾಸಕ್ಕೆ ಮುಳುಗುವವರಿಗೆ ಹಾಕಿದ ಮಿತಿ 40 ಮೀಟರ್. ಮುಳುಗದವರಿಗೆ ಮಿತಿ ಬಕೆಟ್ಟು. ಕೆಲವದರ ಪಕ್ಕದಲ್ಲಿ ಹೀಲಿಯಂ ಹೊರಗೆ ಬಿಡುವ ಪುಟ್ಟ ಕವಾಟವೂ ಇರುತ್ತದೆ. ದಿನಗಟ್ಟಲೆ ಒತ್ತಡದ ಕೋಣೆಯೊಳಗೇ ಇದ್ದು, ಹೀಲಿಯಂ ಬೆರೆತ ಗಾಳಿ ಉಸಿರಾಡಿ ಸಮುದ್ರದಡಿ ದುಡಿಯುವವರಿಗಾಗಿ ಮಾಡಿದ್ದು ಅದು. ಹೊರಬರುವಾಗ ಒಳಗೆ ನುಗ್ಗಿದ ಹೀಲಿಯಂ ಗಾಜನ್ನೇ ಕಿತ್ತು ಎಸೆಯಬಾರದು ಅಂತ. ಈಗ ಅದನ್ನು ಕಟ್ಟಿಕೊಂಡವರು ಸಭೆಯಲ್ಲಿ ಕೂತಿರುತ್ತಾರೆ. ಅಲ್ಲಿಯ ಒತ್ತಡಕ್ಕೆ ಕವಾಟ ಇನ್ನೂ ಬಂದಿಲ್ಲ.

ಇಷ್ಟವಾಯಿತು ಅಂತ ಕೊಂಡರೆ ಯಾರ ತಕರಾರೂ ಇಲ್ಲ. ಅಜ್ಜನ ವಾಚು ನಿಂತುಹೋಗಿದ್ದರೂ ಕಟ್ಟಿಕೊಳ್ಳಿ, ಬೇಡ ಅನ್ನಲು ಯಾರಿಗೆ ಹಕ್ಕಿದೆ? ನನಗೆ ಸಿಟ್ಟು ಬರುವುದು ಕೆಲವು ದುಬಾರಿ ವಾಚುಗಳಿಗೆ ಕಾಯಿಸುವ ಆ ಸರತಿಯ ಬಗ್ಗೆ. ದುಡ್ಡು ಹಿಡಿದು ಅಂಗಡಿಗೆ ಹೋದರೆ ‘ಪ್ರದರ್ಶನಕ್ಕೆ ಮಾತ್ರ’ ಅನ್ನುವ ಚೀಟಿ. ಹೆಸರು ಬರೆಸಿ ಹೋಗಿ ಅನ್ನುತ್ತಾರೆ. ಯಾವಾಗ ಸಿಗುತ್ತದೆ? ಹೇಳಲಾಗದು. ಅಷ್ಟರಲ್ಲಿ ಬೇಡದ ಇನ್ನೊಂದು ವಾಚು, ಒಂದು ಸರ, ಒಂದು ಉಂಗುರ ಕೊಂಡರೆ ನಿಮ್ಮ ‘ಖರೀದಿ ಇತಿಹಾಸ’ ಚೆನ್ನಾಗಿರುತ್ತದೆ ಅನ್ನುವ ಸೂಚನೆ ಬೇರೆ. ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ವಾಚು ಮಾಡುತ್ತದೆ ಅಂತ ಅಂದಾಜಿರುವ ಕಂಪನಿಯ ಮಾಲೂ ಹೀಗೆಯೇ ಅಪರೂಪ. ಕೊಳ್ಳಲು ಬಂದವನೇ ತಲೆ ತಗ್ಗಿಸಿ, ಸೇಲ್ಸ್‌ಮನ್‌ನ ಮಗುವಿನ ಹುಟ್ಟುಹಬ್ಬ ನೆನಪಿಟ್ಟುಕೊಂಡು, ತಾನು ಯೋಗ್ಯ ಅಂತ ಸಾಬೀತು ಮಾಡಬೇಕು. ಕೊನೆಗೊಂದು ದಿನ ಫೋನು ಬಂದರೆ ಅವನಿಗೆ ಆಗುವ ಸಂತೋಷ ಇದೆಯಲ್ಲ, ಅದನ್ನು ಇವರು ‘ಭಾವನಾತ್ಮಕ ನಂಟು’ ಅನ್ನುತ್ತಾರೆ. ಅದು ನಂಟಲ್ಲ ಸ್ವಾಮಿ. ಸತಾಯಿಸಿ ಸತಾಯಿಸಿ ಬಿಟ್ಟದ್ದಕ್ಕೆ ಬಂದ ನಿಟ್ಟುಸಿರು. ಮನುಷ್ಯರನ್ನು ಹೀಗೆ ಆಡಿಸಬಾರದು. ಆಡಿಸುತ್ತಾರೆ, ನಾವೂ ಆಡುತ್ತೇವೆ, ಬೇಜಾರಾಗಿ ಹೋಗಿದೆ. ಸರ್ವಿಸಿಗೆ ಎಷ್ಟಾಗುತ್ತದೆ, ಎಷ್ಟು ವರ್ಷಕ್ಕೊಮ್ಮೆ ಅಂತ ಕೇಳಿದವನನ್ನು ರಸ ಇಲ್ಲದ ಮನುಷ್ಯ ಅನ್ನುತ್ತಾರಲ್ಲ, ಈ ಭಾವನೆಯ ಮಾತೆಲ್ಲ ಇರುವುದೇ ಆ ಪ್ರಶ್ನೆ ಬಾಯಿಗೆ ಬರದಿರಲಿ ಅಂತ.

ಹೋಗಲಿ, ಒಳ್ಳೆಯ ಸುದ್ದಿಯೂ ಇದೆ. ನಿಖರತೆ ಬೇಕು ಅಂತ ಹಠ ಹಿಡಿದವರಿಗೆ ಸ್ವಿಸ್ ಕಂಪನಿ ಐಡಬ್ಲ್ಯೂಸಿಯವರು 2024ರಲ್ಲಿ ಒಂದು ವಾಚು ತಂದರು. ಅಮಾವಾಸ್ಯೆ, ಹುಣ್ಣಿಮೆ ತೋರಿಸುವ ಅದರ ಚಂದ್ರ ಒಂದು ದಿನ ತಪ್ಪಲು ನಾಲ್ಕೂವರೆ ಕೋಟಿ ವರ್ಷ ಬೇಕಂತೆ. ಆ ವರ್ಷ ಜಿನೀವಾದಲ್ಲಿ ವಾಚುಗಳ ದೊಡ್ಡ ಪ್ರಶಸ್ತಿಯೂ ಅದಕ್ಕೇ ಬಂತು. ಆದರೆ ಕೈಗೆ ಕಟ್ಟದೆ ಸುಮಾರು ಏಳು ದಿನ ಹಾಗೇ ಬಿಟ್ಟರೆ ಸ್ಪ್ರಿಂಗ್ ಸಡಿಲವಾಗಿ ಚಂದ್ರನೂ ಸೇರಿ ಎಲ್ಲವೂ ನಿಂತುಬಿಡುತ್ತದೆ. ಕೊಂಡವರು ನಾಲ್ಕೂವರೆ ಕೋಟಿ ವರ್ಷ ಅದನ್ನು ಕೈಯಿಂದ ಬಿಚ್ಚಿಡಬಾರದು, ಅಷ್ಟೇ.