ಒಂಬತ್ತು ಸಾವಿರ ಮುಟ್ಟದೆ ತೀರ್ಪು ಕೊಡಬೇಡಿ

ಹೋಂಡಾದ ಎಸ್2000 ಎಂಬ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರಿನ ಬಗ್ಗೆ ಮಾತು ಎದ್ದರೆ ಸಾಕು, ಯಾರಾದರೊಬ್ಬರು ತಪ್ಪದೆ ಹೇಳುತ್ತಾರೆ: 'ಕಾರೇನೋ ಚೆನ್ನಾಗಿದೆ, ಆದರೆ ಟಾರ್ಕ್ ಇಲ್ಲ.' ಟಾರ್ಕ್ ಎಂದರೆ ಎಂಜಿನ್ನಿನ ತಿರುಚುವ ಬಲ, ಕಾರನ್ನು ಎಳೆಯುವ ಕಸುವು. 1999ರಲ್ಲಿ ಈ ಕಾರು ಬಂದಾಗಿನಿಂದಲೂ ಇದೇ ದೂರು. ಪತ್ರಿಕೆಗಳ ವಿಮರ್ಶಕರು ಹೇಳಿದರು, ಅವರನ್ನು ಓದಿದವರು ಹೇಳಿದರು, ಈಗ ಕಾರನ್ನು ಕಣ್ಣಿನಿಂದಲೂ ನೋಡದವರು ಹೇಳುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಇದೇ ಕಾರನ್ನು ಇಟ್ಟುಕೊಂಡಿರುವ ನನಗೆ ಕನ್ನಡ ಬಳಗದ ಪ್ರತಿ ಊಟದಲ್ಲೂ ಈ ಮಾತು ಪಾಯಸದ ಜೊತೆಗೆ ಬಡಿಸಲ್ಪಡುತ್ತದೆ. ಆದ್ದರಿಂದ ಒಮ್ಮೆ ವಿವರವಾಗಿ ಬರೆದುಬಿಡುತ್ತೇನೆ.

ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಅಂಕಿಗಳನ್ನೇ ನೋಡಿ. ಅಮೆರಿಕ ಮತ್ತು ಯೂರೋಪಿನ ಎಸ್2000 ಎಂಜಿನ್ನಿನ ಗರಿಷ್ಠ ಟಾರ್ಕ್ ಸುಮಾರು 208 ನ್ಯೂಟನ್ ಮೀಟರ್. ಅದೂ 7,500 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳ ಲೆಕ್ಕ) ತಲುಪಿದ ಮೇಲೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಸಾಲುಗಟ್ಟಿ ನಿಂತಿರುವ ಕ್ರೆಟಾ ಡೀಸೆಲ್ಲಿಗೆ 250 ನ್ಯೂಟನ್ ಮೀಟರ್ ಇದೆ, 1,500 ಆರ್‌ಪಿಎಂನಿಂದಲೇ ಸಿಗುತ್ತದೆ. ಇಷ್ಟು ಹೇಳಿ ನಿಲ್ಲಿಸಿದರೆ ವಾದ ಮುಗಿದಂತೆಯೇ. ಆದರೆ ರಸ್ತೆಗೆ ತಲುಪುವುದು ಎಂಜಿನ್ನಿನ ಟಾರ್ಕ್ ಅಲ್ಲ, ಗೇರುಗಳು ಗುಣಿಸಿದ ಟಾರ್ಕ್. ಒಂಬತ್ತು ಸಾವಿರ ಸುತ್ತು ತಿರುಗಬಲ್ಲ ಎಂಜಿನ್ನಿಗೆ ಬಲು ಗಿಡ್ಡ ಗೇರುಗಳನ್ನು, ಅಂದರೆ ಟಾರ್ಕನ್ನು ಹೆಚ್ಚು ಪಟ್ಟು ಗುಣಿಸುವ ಗೇರುಗಳನ್ನು, ಜೋಡಿಸಬಹುದು. ನಾಲ್ಕೂವರೆ ಸಾವಿರಕ್ಕೆ ಸುಸ್ತಾಗುವ ಡೀಸೆಲ್ಲಿಗೆ ಆ ಸೌಲಭ್ಯವಿಲ್ಲ.

ಹೋಂಡಾ ಮಾಡಿದ್ದು ಅದನ್ನೇ. ಮೊದಲ ಮಾದರಿಯ ಫೈನಲ್ ಡ್ರೈವ್, ಅಂದರೆ ಚಕ್ರಗಳಿಗೆ ಮುಂಚಿನ ಕೊನೆಯ ಗೇರು ಜೋಡಿಯ, ಅನುಪಾತ 4.10. ಅದು ಸಾಲದೆಂಬಂತೆ ಗೇರ್‌ಬಾಕ್ಸಿನೊಳಗೆ 1.16ರ ಇನ್ನೊಂದು ಇಳಿಕೆಯ ಜೋಡಿ. ಎರಡನೇ ಗೇರಿನ 2.045ನ್ನು ಇವೆರಡರಿಂದ ಗುಣಿಸಿ: ಎಂಜಿನ್ ಹೆಚ್ಚುಕಡಿಮೆ ಒಂಬತ್ತು ಮುಕ್ಕಾಲು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಅಂದರೆ ಆ 208 ಚಕ್ರಕ್ಕೆ ಬರುವಾಗ ಎರಡು ಸಾವಿರದ ಆಸುಪಾಸಿನಲ್ಲಿರುತ್ತದೆ. ಅಷ್ಟು ಗಿಡ್ಡ ಗೇರಿದ್ದೂ ಎರಡನೆಯದರಲ್ಲೇ ಗಂಟೆಗೆ ಸುಮಾರು 110 ಕಿಲೋಮೀಟರ್ ಮುಟ್ಟಬಹುದು, ಏಕೆಂದರೆ ಆರ್‌ಪಿಎಂ ತೋರಿಸುವ ಮುಳ್ಳು ಒಂಬತ್ತು ಸಾವಿರದವರೆಗೂ ಏರುತ್ತಲೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇನ್ನೊಂದಿದೆ. ಅದನ್ನು ಹೇಳುವ ಮೊದಲು ವಿಟೆಕ್, ಅಂದರೆ ಎಂಜಿನ್ನಿನ ವಾಲ್ವುಗಳು ತೆರೆಯುವ ರೀತಿಯನ್ನು ವೇಗಕ್ಕೆ ತಕ್ಕಂತೆ ಬದಲಿಸುವ ಹೋಂಡಾದ ವ್ಯವಸ್ಥೆಯ ಬಗ್ಗೆ ಎರಡು ಮಾತು ಹೇಳಬೇಕು. ಊರಿನಲ್ಲಿ ಹಳೆಯ ಹೋಂಡಾ ಸಿಟಿ ವಿಟೆಕ್ ಓಡಿಸಿದವರಿಗೆ ಈ ಹೆಸರು ಗೊತ್ತು, ಆದರೆ ಅದು ಇದರ ಸಾಧು ತಮ್ಮ. ಎಸ್2000ದ ಎಂಜಿನ್ನಿನಲ್ಲಿ ವಾಲ್ವುಗಳ ಪ್ರತಿ ಜೋಡಿಗೂ ಅವನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟಿನ ಮೇಲೆ ಮೂರು ಉಬ್ಬುಗಳಿವೆ. ಪಕ್ಕದ ಎರಡು ಸಣ್ಣವು, ನಡುವಿನದು ದೊಡ್ಡದು. ಸಾಧಾರಣ ವೇಗದಲ್ಲಿ ಸಣ್ಣ ಉಬ್ಬುಗಳು ವಾಲ್ವುಗಳನ್ನು ತೆರೆಯುತ್ತವೆ, ದೊಡ್ಡದು ಸುಮ್ಮನೆ ತಿರುಗುತ್ತಿರುತ್ತದೆ. 6,000 ಆರ್‌ಪಿಎಂ ಹತ್ತಿರ ಬಂದಾಗ ಎಣ್ಣೆಯ ಒತ್ತಡವು ರಾಕರ್ ತೋಳುಗಳೊಳಗಿನ ಪಿನ್ನುಗಳನ್ನು ತಳ್ಳುತ್ತದೆ, ತೋಳುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಅಲ್ಲಿಂದ ಮುಂದೆ ದೊಡ್ಡ ಉಬ್ಬಿನ ಆಳ್ವಿಕೆ. ವಾಲ್ವುಗಳು ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ತೆರೆಯುತ್ತವೆ. ಸದ್ದು ಬದಲಾಗುತ್ತದೆ, ಬೆನ್ನಿಗೆ ತಳ್ಳು ಸಿಗುತ್ತದೆ. ಒಂದೇ ಎಂಜಿನ್ನಿನಲ್ಲಿ ಎರಡು ಎಂಜಿನ್ನುಗಳಿವೆ ಎನ್ನುವುದು ಉತ್ಪ್ರೇಕ್ಷೆಯಲ್ಲ.

ಈಗ ಆ ಲೆಕ್ಕ. ಎರಡನೇ ಗೇರಿನಲ್ಲಿ 9,000 ಮುಟ್ಟಿ ಮೂರನೆಯದಕ್ಕೆ ಬದಲಿಸಿದರೆ ಮುಳ್ಳು ಇಳಿಯುವುದು ಸುಮಾರು 6,500ಕ್ಕೆ. ಮೂರರಿಂದ ನಾಲ್ಕಕ್ಕೆ ಹೋದರೆ ಸುಮಾರು 7,000ಕ್ಕೆ. ಮೊದಲನೆಯದರಿಂದ ಎರಡಕ್ಕೆ ಮಾತ್ರ 5,900ರ ಹತ್ತಿರ, ಹೊಸ್ತಿಲಿನ ಮೇಲೇ. ಅಂದರೆ ಗೇರುಗಳ ಅನುಪಾತಗಳನ್ನು ಆರಿಸಿದವರು ದೊಡ್ಡ ಉಬ್ಬಿನಿಂದ ಚಾಲಕ ಕೆಳಗೆ ಬೀಳದ ಹಾಗೆ ನೋಡಿಕೊಂಡಿದ್ದಾರೆ, ಅವನು ತನ್ನ ಕೆಲಸವನ್ನು ಪೂರ್ತಿ ಮಾಡಿದರೆ. ಏಳು ಸಾವಿರಕ್ಕೇ ಹೆದರಿ ಗೇರು ಬದಲಿಸಿದರೆ ಮುಂದಿನ ಗೇರಿನಲ್ಲಿ ಐದು ಸಾವಿರದ ಆಸುಪಾಸಿಗೆ ಬೀಳುತ್ತೀರಿ, ಅಲ್ಲಿ ಏನೂ ಇಲ್ಲ. ಟಾರ್ಕ್ ಇಲ್ಲ ಎಂದು ಹೇಳುವವರಲ್ಲಿ ಬಹುಪಾಲು ಜನ ಇಲ್ಲಿಯೇ ಇಳಿದುಹೋದವರು.

ಇದೆಲ್ಲ ಆರು ಸಾವಿರದ ಮೇಲಿನ ಮಾತು. ಕೆಳಗೆ ಈ ಕಾರು ಮಂಕು, ಒಪ್ಪಿದೆ. ಹೆದ್ದಾರಿಯಲ್ಲಿ ಆರನೇ ಗೇರಿನಲ್ಲಿ ನೂರರ ವೇಗಕ್ಕೆ 3,200 ಸುತ್ತು ತಿರುಗುತ್ತ ಗುಂಯ್‌ಗುಡುತ್ತದೆ, ಓವರ್‌ಟೇಕ್ ಮಾಡಬೇಕಾದರೆ ಎರಡು ಗೇರು ಕೆಳಗಿಳಿಯಬೇಕು. ದಿನವೂ ಕಚೇರಿಗೆ ಹೋಗಲು ಇದನ್ನು ಕೊಂಡವರು ಬೇಸರಪಟ್ಟುಕೊಂಡರೆ ಅದು ಅವರ ಹಕ್ಕು.

ಹೋಂಡಾ ಬಯಸಿದ್ದರೆ ಇದನ್ನು ಸುಲಭವಾಗಿ ಸರಿಪಡಿಸಬಹುದಿತ್ತು. ಅವರ ಬಳಿ ವಿ6 ಎಂಜಿನ್ನುಗಳಿದ್ದವು, ಟರ್ಬೊ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿತ್ತು: ಎಂಬತ್ತರ ದಶಕದ ಫಾರ್ಮುಲಾ ಒನ್‌ನಲ್ಲಿ ಟರ್ಬೊ ಎಂಜಿನ್ನುಗಳಿಂದಲೇ ಗೆದ್ದವರು. ಆದರೂ 1,997 ಸಿಸಿಯ ನಾಲ್ಕು ಸಿಲಿಂಡರಿಗೆ ಅಂಟಿಕೊಂಡರು. ಎನ್‌ಎಸ್‌ಎಕ್ಸ್ ಎಂಬ ಹೋಂಡಾದ ಸೂಪರ್ ಕಾರಿನ ಹಿಂದಿದ್ದ ಶಿಗೇರು ಉಎಹಾರ ಅವರೇ ಇದರ ಮುಖ್ಯ ಎಂಜಿನಿಯರ್. ಕಂಪನಿಯ ಐವತ್ತು ವರ್ಷದ ಸಂಭ್ರಮಕ್ಕೆಂದು ಮಾಡಿದ ಕಾರು. 1963ರ ಎಸ್500ರಿಂದ ಬಂದ ಹೆಸರಿನ ಪರಂಪರೆ, ಅಂದರೆ ಎಸ್ ಅಕ್ಷರದ ಮುಂದೆ ಎಂಜಿನ್ನಿನ ಗಾತ್ರ. ಆ ಪುಟ್ಟ ಎಸ್500 ಕೂಡ 531 ಸಿಸಿಯ ಎಂಜಿನ್ನನ್ನು ಎಂಟು ಸಾವಿರದವರೆಗೆ ತಿರುಗಿಸಿಯೇ ಶಕ್ತಿ ತೆಗೆಯುತ್ತಿತ್ತು. ಮೋಟಾರ್‌ಸೈಕಲ್ ಮಾಡಿ ಬೆಳೆದ ಮನೆಯ ಬುದ್ಧಿ ಇದು.

ಜಪಾನಿನ ಮಾದರಿಯಲ್ಲಿ 250 ಅಶ್ವಶಕ್ತಿ, ಅಂದರೆ ಲೀಟರಿಗೆ 125. ಟರ್ಬೊ ಇಲ್ಲದ, ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಕಾರುಗಳಲ್ಲಿ ಈ ಅಂಕಿಯನ್ನು ಮೀರಲು 2009ರಲ್ಲಿ ಫೆರಾರಿ 458 ಇಟಾಲಿಯಾ ಬರಬೇಕಾಯಿತು. ಇದನ್ನು ಸಾಧಿಸಲು ಏನೇನು ಮಾಡಿದ್ದಾರೆ ನೋಡಿ. ಫೋರ್ಜ್ ಮಾಡಿದ ಪಿಸ್ಟನ್ನುಗಳು, ಅಲ್ಯೂಮಿನಿಯಂ ಬ್ಲಾಕಿನೊಳಗೆ ನಾರು ಬೆರೆಸಿ ಗಟ್ಟಿಗೊಳಿಸಿದ ಸಿಲಿಂಡರ್ ಗೋಡೆಗಳು. ಕ್ಯಾಮ್‌ಶಾಫ್ಟ್ ತಿರುಗಿಸಲು ಕೆಳಗೆ ಚೈನು, ಮೇಲೆ ಗೇರುಗಳು. ಪೂರ್ತಿ ಚೈನನ್ನೇ ಹಾಕಿದ್ದರೆ ಎಂಜಿನ್ನಿನ ತಲೆ ದಪ್ಪವಾಗುತ್ತಿತ್ತು, ಬಾನೆಟ್ ಎತ್ತರಿಸಬೇಕಾಗುತ್ತಿತ್ತು. 84 ಮಿಲಿಮೀಟರ್ ಸ್ಟ್ರೋಕಿನ (ಒಮ್ಮೆಗೆ ಚಲಿಸುವ ದೂರ) ಆ ಪಿಸ್ಟನ್ 9,000 ಆರ್‌ಪಿಎಂನಲ್ಲಿ ಸರಾಸರಿ ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಮೇಲೆ ಕೆಳಗೆ ಓಡುತ್ತಿರುತ್ತದೆ. ಆ ಕಾಲದ ಫಾರ್ಮುಲಾ ಒನ್ ಎಂಜಿನ್ನುಗಳ ಪಿಸ್ಟನ್ ವೇಗವೂ ಇದರ ಆಸುಪಾಸಿನದೇ. ವ್ಯತ್ಯಾಸವೆಂದರೆ ಅವು ರೇಸ್ ಮುಗಿದ ಮೇಲೆ ಬಿಚ್ಚಿಕೊಳ್ಳುತ್ತಿದ್ದವು, ಇದು ಲಕ್ಷಾಂತರ ಕಿಲೋಮೀಟರ್ ಓಡುತ್ತದೆ.

ಈ 25 ಮೀಟರಿನ ಗೋಡೆಯನ್ನು ನೆನಪಿಟ್ಟುಕೊಂಡರೆ 2004ರ ಬದಲಾವಣೆ ತಾನಾಗಿಯೇ ಅರ್ಥವಾಗುತ್ತದೆ. ಟಾರ್ಕ್ ಇಲ್ಲವೆಂಬ ಅಮೆರಿಕನ್ನರ ಗೊಣಗಾಟಕ್ಕೆ ಹೋಂಡಾ ಕೊನೆಗೂ ಮಣಿಯಿತು. ಸ್ಟ್ರೋಕನ್ನು 90.7 ಮಿಲಿಮೀಟರಿಗೆ ಏರಿಸಿ 2,157 ಸಿಸಿ ಮಾಡಿದರು. ಉದ್ದ ಸ್ಟ್ರೋಕಿನ ಪಿಸ್ಟನ್ನನ್ನು 9,000ಕ್ಕೆ ತಿರುಗಿಸಿದ್ದರೆ ಅದರ ವೇಗ 27 ಮೀಟರ್ ದಾಟುತ್ತಿತ್ತು. ಆದ್ದರಿಂದ ಕೆಂಪು ಗೆರೆ, ಅಂದರೆ ಎಂಜಿನ್ ದಾಟಬಾರದ ಮಿತಿ, 8,000ಕ್ಕೆ ಇಳಿಯಿತು. ಗರಿಷ್ಠ ಶಕ್ತಿ ಹೆಚ್ಚುಕಡಿಮೆ ಅಷ್ಟೇ ಉಳಿಯಿತು, ಮಧ್ಯದಲ್ಲಿ ಎಳೆತ ಹೆಚ್ಚಿತು, ಓಡಿಸುವುದು ಸುಲಭವಾಯಿತು. ದಿನಬಳಕೆಗೆ ಈ 2.2 ಲೀಟರಿನದೇ ಉತ್ತಮ ಕಾರು, ಅದರಲ್ಲಿ ಸಂಶಯವಿಲ್ಲ. ಆದರೆ ಸುಲಭವಾದ ಕಾರುಗಳು ಆಗಲೂ ಬೇಕಾದಷ್ಟಿದ್ದವು. ಬಾಕ್ಸ್‌ಸ್ಟರ್ ಎಂಬ ಪೋರ್ಷೆ ಕಾರಿತ್ತು, ಅದರ ಆರು ಸಿಲಿಂಡರ್ ಎಂಜಿನ್ ಕೆಳಗಿನಿಂದಲೇ ಹಿತವಾಗಿ ಎಳೆಯುತ್ತಿತ್ತು. ಅದೇ ಬೇಕಿದ್ದವರು ಅದನ್ನೇ ಕೊಳ್ಳಬಹುದಿತ್ತಲ್ಲ? ಯೂರೋಪಿನವರಿಗೆ ಕೊನೆಯವರೆಗೂ ಎರಡು ಲೀಟರಿನದೇ ಸಿಕ್ಕಿತು ಎಂಬುದು ನನಗೆ ಸಣ್ಣ ಹೊಟ್ಟೆಕಿಚ್ಚು.

ಎಂಜಿನ್ನಿನ ಹೊಗಳಿಕೆಯಲ್ಲಿ ಜನ ಚಾಸಿಯನ್ನು, ಅಂದರೆ ಕಾರಿನ ಅಸ್ಥಿಪಂಜರವನ್ನು, ಮರೆಯುತ್ತಾರೆ. ತೆರೆದ ಕಾರುಗಳಲ್ಲಿ ಬಹಳಷ್ಟು, ಮುಚ್ಚಿದ ಕಾರಿನ ತಲೆ ಕತ್ತರಿಸಿ ಮಾಡಿದವು. ಸೂರು ಹೋದ ಮೇಲೆ ದೇಹ ಅಲುಗಾಡುತ್ತದೆ, ಗುಂಡಿಗೆ ಬಿದ್ದಾಗ ಕನ್ನಡಿ ನಡುಗುತ್ತದೆ. ಎಸ್2000ಕ್ಕೆ ಸೂರಿನ ಮಾದರಿ ಇರಲೇ ಇಲ್ಲ, ಮೊದಲ ಗೆರೆಯಿಂದಲೇ ತೆರೆದ ಕಾರು. ಇಬ್ಬರ ನಡುವೆ ಹಾದುಹೋಗುವ ಎತ್ತರದ ಸುರಂಗವನ್ನೇ ಬೆನ್ನೆಲುಬಾಗಿಸಿ, ಅದರ ಹಿಂದೆ ಮುಂದೆ ಎಕ್ಸ್ ಆಕಾರದಲ್ಲಿ ಕವಲುಗಳನ್ನು ಚಾಚಿದ್ದಾರೆ. ಹೈ ಎಕ್ಸ್-ಬೋನ್ ಫ್ರೇಮ್ ಎಂದು ಹೋಂಡಾ ಅದನ್ನು ಕರೆಯಿತು. ಕಾರಿನೊಳಗೆ ಕುಳಿತರೆ ಮೊಣಕೈಗೆ ತಗಲುವ ಆ ದಿಣ್ಣೆ ಅಲಂಕಾರವಲ್ಲ. ಎಂಜಿನ್ ಪೂರ್ತಿಯಾಗಿ ಮುಂದಿನ ಆಕ್ಸಲ್‌ನ ಹಿಂದೆ ಕೂತಿದೆ, ತೂಕ ಮುಂದೆ ಹಿಂದೆ ಸಮಸಮ, ಒಟ್ಟು ಸುಮಾರು 1,250 ಕಿಲೋ. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ (ಪ್ರತಿ ಚಕ್ರವನ್ನೂ ಎರಡು ತೋಳುಗಳು ಹಿಡಿದಿರುವ ಏರ್ಪಾಡು), ಹಿಂದೆ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಟಾರ್ಕ್ ಕಳಿಸುವ ಟಾರ್ಸೆನ್ ಡಿಫರೆನ್ಷಿಯಲ್.

ಇಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಮೊದಲ ವರ್ಷಗಳ ಕಾರುಗಳ ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಮತ್ತು ಹಿಗ್ಗಿದಾಗ ಚಕ್ರದ ಕೋನ ಗಣನೀಯವಾಗಿ ಬದಲಾಗುತ್ತಿತ್ತು. ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂಭಾಗ ಹಗುರವಾಗಿ, ಹಿಡಿತ ತಪ್ಪಿ, ಬಾಲ ಮುಂದೆ ಬರುತ್ತದೆ. ಮಳೆಯಲ್ಲಿ, ಸವೆದ ಟೈರಿನಲ್ಲಿ ಇನ್ನೂ ಬೇಗ. ಕಾರು ಹೀಗೆ ಜಾರದಂತೆ ತಡೆಯುವ ಸ್ಟೇಬಿಲಿಟಿ ಕಂಟ್ರೋಲ್ ಅಮೆರಿಕದ ಮಾದರಿಗೆ 2006ರಲ್ಲಷ್ಟೇ ಬಂತು. 2004ರಲ್ಲಿ ಈ ಕೋನದ ಆಟವನ್ನು ತಗ್ಗಿಸಿ, 17 ಇಂಚಿನ ಚಕ್ರ ಕೊಟ್ಟು ಕಾರನ್ನು ಸಾಧುವಾಗಿಸಿದರು. ಎಂಜಿನ್ ಬದಲಾದದ್ದಕ್ಕೆ ನಾನು ಗೊಣಗಿದರೂ ಈ ತಿದ್ದುಪಡಿಯನ್ನು ಮನಸಾರೆ ಒಪ್ಪುತ್ತೇನೆ. ನನಗೆ ಸಿಕ್ಕಿದ್ದರೆ 2004ರ ಸಸ್ಪೆನ್ಷನ್ನಿನ ಮೇಲೆ 1999ರ ಎಂಜಿನ್ ಕೂರಿಸಿಕೊಳ್ಳುತ್ತಿದ್ದೆ. ಅಮೆರಿಕದ ಮಾರುಕಟ್ಟೆಯಲ್ಲಿ ಆ ಜೋಡಿ ಒಂದೇ ಕಾರಿನಲ್ಲಿ ಎಂದೂ ಸಿಗಲಿಲ್ಲ.

ಸ್ಟೀರಿಂಗ್ ಬಗ್ಗೆ ಮಾತ್ರ ವಕಾಲತ್ತು ವಹಿಸಲಾರೆ. ವಿದ್ಯುತ್ ಸಹಾಯದ ಸ್ಟೀರಿಂಗ್ ಅದು. ಚುರುಕಾಗಿದೆ, ನಿಖರವಾಗಿದೆ, ಆದರೆ ಟೈರಿನ ಕೆಳಗೆ ಏನಾಗುತ್ತಿದೆ ಎಂದು ಕೈಗೆ ಹೇಳುವುದಿಲ್ಲ. ಮಜ್ದಾ ಮಿಯಾಟಾ ಎಂಬ ಪುಟ್ಟ ತೆರೆದ ಕಾರು ಇದಕ್ಕಿಂತ ಬಹಳ ಕಡಿಮೆ ಶಕ್ತಿಯಲ್ಲಿ ಹೆಚ್ಚು ಮಾತಾಡುತ್ತದೆ. ಸ್ಟೀರಿಂಗ್ ಚಕ್ರವನ್ನು ಮೇಲೆ ಕೆಳಗೆ ಸರಿಸುವುದಕ್ಕೂ ಆಗುವುದಿಲ್ಲ, ಉದ್ದ ಕಾಲಿನವರು ಮಡಚಿಕೊಂಡು ಕೂರಬೇಕು. ಗೇರಿನ ಹಿಡಿಯಾದರೋ, ಮಣಿಕಟ್ಟನ್ನಷ್ಟೇ ತಿರುಗಿಸಿದರೆ ಟಕ್ಕೆಂದು ಕೂರುತ್ತದೆ. ಅದಕ್ಕಿಂತ ಒಳ್ಳೆಯ ಗೇರ್‌ಬಾಕ್ಸನ್ನು ನಾನು ಮುಟ್ಟಿಲ್ಲ. ಆಟೋಮ್ಯಾಟಿಕ್ ಮಾದರಿಯನ್ನು ಹತ್ತು ವರ್ಷವೂ ತರದೆ ಉಳಿದ ಹೋಂಡಾದ ಹಟಕ್ಕೆ ನಮಸ್ಕಾರ.

ಸೂರು ತೆರೆಯಲು ಎರಡು ಕೊಕ್ಕೆ ಬಿಚ್ಚಿ, ಹ್ಯಾಂಡ್‌ಬ್ರೇಕ್ ಎಳೆದು, ಗುಂಡಿ ಒತ್ತಬೇಕು. ಆರು ಸೆಕೆಂಡು ಸಾಕು. ಸ್ಯಾನ್ ಹೋಸೆಯ ಪಶ್ಚಿಮಕ್ಕಿರುವ ಬೆಟ್ಟಗಳ ನೆತ್ತಿಯ ಮೇಲೆ ಸ್ಕೈಲೈನ್ ಬೊಲೆವಾರ್ಡ್ ಹಾದುಹೋಗುತ್ತದೆ, ಎರಡೂ ಕಡೆ ರೆಡ್‌ವುಡ್ ಮರಗಳು. ಬೆಳಗ್ಗೆ ಬೇಗ ಹೋದರೆ ಅಲ್ಲಿ ಮಂಜಿನ ತಂಪು ತಲೆಗೂ ಹೀಟರಿನ ಬಿಸಿ ಪಾದಕ್ಕೂ ಸಿಗುತ್ತದೆ. ಎರಡನೇ ಗೇರಿನಲ್ಲಿ ಏರು ಹತ್ತುವಾಗ ಆರು ಸಾವಿರದಲ್ಲಿ ಬದಲಾಗುವ ಸದ್ದು ಮರಗಳಿಗೆ ಬಡಿದು ಹಿಂದಿರುಗಿ ಬರುತ್ತದೆ. ಮುಚ್ಚಿದ ಕಾರಿನಲ್ಲಿ ಇದರ ಅರ್ಧ ಮಾತ್ರ ಕೇಳಿಸುತ್ತಿತ್ತು. 2008ರಲ್ಲಿ ಸೂರಿನ ಯಂತ್ರವನ್ನೇ ಕಿತ್ತು, ಗಟ್ಟಿ ಮುಚ್ಚಳ ಕೊಟ್ಟು, ಹಿಂದೆ ರೆಕ್ಕೆ ಹಚ್ಚಿ ಸಿಆರ್ ಎಂಬ ಮಾದರಿ ತಂದರು. 700ಕ್ಕೂ ಕಡಿಮೆ ಕಾರುಗಳು ತಯಾರಾದವು, ಈಗ ಸಂಗ್ರಾಹಕರು ಅದಕ್ಕೆ ಮುಗಿಬೀಳುತ್ತಾರೆ. ನನಗೆ ಅದರಲ್ಲಿ ಆಸೆಯಿಲ್ಲ. ಈ ಎಂಜಿನ್ನಿಗೆ ಮುಚ್ಚಳ ಹಾಕಿಕೊಂಡು ಓಡಿಸುವುದೆಂದರೇನು?

ಈ ಕಾರು ಭಾರತಕ್ಕೆ ಅಧಿಕೃತವಾಗಿ ಬರಲೇ ಇಲ್ಲ. ಬಂದಿದ್ದರೂ ನಮ್ಮೂರಿನ ಹಂಪುಗಳ ಮೇಲೆ ಹೊಟ್ಟೆ ಉಜ್ಜಿಕೊಂಡೇ ಬದುಕಬೇಕಿತ್ತು ಬಿಡಿ. 2009ರಲ್ಲಿ ತಯಾರಿಕೆ ನಿಂತಾಗ ಒಟ್ಟು 1,10,000ಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಅಮೆರಿಕದಲ್ಲಿರುವ ನಮ್ಮವರಲ್ಲಿ ಇಬ್ಬರು ಮೂವರು ಹಳೆಯದೊಂದನ್ನು ಕೊಳ್ಳಲೇ ಎಂದು ಕೇಳಿದ್ದಾರೆ. ಕೊಳ್ಳಿ, ಆದರೆ ಪರೀಕ್ಷಿಸಿ ಕೊಳ್ಳಿ. ಹಿಂದಿನ ಮಾಲೀಕ ನಾಲ್ಕಕ್ಕೆ ಹಾಕುವ ಬದಲು ಎರಡಕ್ಕೆ ಹಾಕಿ ಎಂಜಿನ್ನನ್ನು ಹತ್ತು ಸಾವಿರದಾಚೆಗೆ ತಿರುಗಿಸಿದ್ದರೆ ವಾಲ್ವ್ ಸ್ಪ್ರಿಂಗನ್ನು ಮೇಲಿನಿಂದ ಹಿಡಿದಿಡುವ ರಿಟೇನರುಗಳು ಬಿರುಕು ಬಿಟ್ಟಿರಬಹುದು. ಮೊದಲ ಮಾದರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ದೌರ್ಬಲ್ಯ, ವಾಲ್ವ್ ಕವರ್ ತೆಗೆಸಿ ನೋಡಿ. ಬಟ್ಟೆಯ ಸೂರು ಮಡಿಕೆಗಳಲ್ಲಿ ಸವೆದಿರುತ್ತದೆ. ಮೇಲಿನ ವೇಗದಲ್ಲಿ ಓಡಿಸಿದರೆ ಎಂಜಿನ್ ಎಣ್ಣೆ ಕುಡಿಯುತ್ತದೆ, ಪೆಟ್ರೋಲ್ ಹಾಕಿಸಿದಾಗಲೆಲ್ಲ ಕಡ್ಡಿ ಎಳೆದು ಮಟ್ಟ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಣ ಕೊಡುವ ಮೊದಲು ಓಡಿಸಿ ನೋಡಬೇಕೆನ್ನುವವರಿಗೆ ನನ್ನ ಕಾರು ಕೊಡುತ್ತೇನೆ. ಎಂಜಿನ್ ಬಿಸಿಯಾಗುವವರೆಗೆ 4,000 ದಾಟಲು ಬಿಡುವುದಿಲ್ಲ, ಬಿಸಿಯಾದ ಮೇಲೆ 8,000ಕ್ಕಿಂತ ಕೆಳಗೆ ಗೇರು ಬದಲಿಸಲೂ ಬಿಡುವುದಿಲ್ಲ.