ಗುಜರಿಯವನು ಬೇಡ ಎಂದದ್ದೇ ದಾನ

ನಮ್ಮ ಮನೆಯ ಹಳೇ ಹಾಸಿಗೆ ದಾನದ ವಸ್ತು ಆಗುವುದಕ್ಕೆ ಸರಿಯಾಗಿ 19 ದಿನ ಹಿಡಿಯಿತು. ಮೊದಲನೇ ದಿನ ಅದರ ಬೆಲೆ 4,500 ರೂಪಾಯಿ ಇತ್ತು.

ತೆಂಗಿನ ನಾರಿನ ಹಾಸಿಗೆ. 11 ವರ್ಷ ನನ್ನನ್ನು ಹೊತ್ತು ಹೊತ್ತು ಎಡಗಡೆ ನನ್ನದೇ ಆಕಾರದ ಒಂದು ಹೊಂಡ ಬಿದ್ದಿತ್ತು. ಕಾಲಿನ ಕಡೆ ಅಂಗೈ ಅಗಲದ ಕಾಫಿ ಕಲೆ. ಹೊಸ ಹಾಸಿಗೆ ಲಿಫ್ಟಿಗೆ ಹಿಡಿಯದೆ ನಾಲ್ಕು ಮಹಡಿ ಮೆಟ್ಟಿಲು ಹತ್ತಿ ಬಂದ ದಿನವೇ "ಆ ಹಳೇದನ್ನ ಏನಾದ್ರೂ ಮಾಡಿ" ಎಂದಳು ಹೆಂಡತಿ. ಏನಾದರೂ ಮಾಡುವುದು ಅಂದರೆ ಮಾರುವುದು ಅಂತ ನಾನು ತಿಳಿದೆ.

ಸೆಕೆಂಡ್ ಹ್ಯಾಂಡ್ ಸಾಮಾನು ಮಾರುವ ಆಪ್‌ನಲ್ಲಿ ಫೋಟೋ ಹಾಕಿದೆ. ಕಾಫಿ ಕಲೆಯ ಮೇಲೆ ದಿಂಬು ಇಟ್ಟಿದ್ದೆ. ಹತ್ತೇ ನಿಮಿಷಕ್ಕೆ ಮೆಸೇಜು ಬಂತು. ಬರೆದವರು ಸೇನೆಯಲ್ಲಿದ್ದಾರಂತೆ, ಪೋಸ್ಟಿಂಗ್ ಜೈಸಲ್ಮೇರ್‌ನಲ್ಲಂತೆ, ಚೌಕಾಸಿಯೇ ಇಲ್ಲವಂತೆ. ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ, ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನನ್ನ ಖಾತೆಗೆ ದುಡ್ಡು ಬಂದು ಬೀಳುತ್ತದಂತೆ. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ ಅನ್ನುವುದು ಈಗ ನಮ್ಮ ಬೀದಿಯ ಸೊಪ್ಪಿನ ಅಜ್ಜಿಗೂ ಗೊತ್ತು. ಆಮೇಲೆ ಮೂರು ಸಾವಿರಕ್ಕೆ ಇಳಿಸಿದೆ, ಒಂದೂವರೆಗೆ ಇಳಿಸಿದೆ, ಕೊನೆಗೆ ಐನೂರು ಅಂದೆ. ಯಾರೂ ತಿರುಗಿ ನೋಡಲಿಲ್ಲ. ನನ್ನ ಹಾಸಿಗೆಯನ್ನು ಆಸೆಪಟ್ಟು ಕೇಳಿದವನು ಇಡೀ ಭಾರತದಲ್ಲಿ ಒಬ್ಬನೇ. ಅವನೂ ಕಳ್ಳ.

ಪೀಜಿಯಲ್ಲಿರುವ ಭಾಮೈದನಿಗೆ ಫೋನ್ ಮಾಡಿದೆ. "ಬೇಡ ಭಾವ, ಇಲ್ಲೇ ಕೊಟ್ಟಿದಾರೆ" ಎಂದ. ಅವನ ಪೀಜಿಯ ಹಾಸಿಗೆ ನಾನು ನೋಡಿದ್ದೇನೆ, ಅದು ಚಪಾತಿಗಿಂತ ತೆಳ್ಳಗಿದೆ. ಆದರೂ ಬೇಡವಂತೆ. ಮನೆ ಕೆಲಸಕ್ಕೆ ಬರುವ ಅಕ್ಕ ಒಮ್ಮೆ ಹಾಸಿಗೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆ ಎರಡನೇ ನೋಟ ಹೊಂಡಕ್ಕೂ ನನಗೂ ಅಳತೆ ಹೊಂದಿಸಿ ನೋಡಿದ ಹಾಗಿತ್ತು. "ಮನೇಲಿ ಜಾಗ ಇಲ್ಲ ಸಾರ್" ಎಂದರು. ಉಳಿದವನು ಗುಜರಿಯವನು. ಅವನು ತಕ್ಕಡಿಯನ್ನೇ ತೆಗೆಯಲಿಲ್ಲ. "ಪೇಪರ್, ಕಬ್ಬಿಣ, ಬ್ಯಾಟ್ರಿ ಇದ್ರೆ ಹೇಳಿ ಸಾರ್. ಇದು ಹೋಗಲ್ಲ. ನೀವೇ ಇನ್ನೂರು ಕೊಟ್ರೆ ಎತ್ಕೊಂಡು ಹೋಗ್ತೀನಿ."

ಇನ್ನೂರು! ಅದೂ ನಾನೇ ಕೊಡಬೇಕಂತೆ! ಆ ಗಳಿಗೆಯಲ್ಲಿ ನನ್ನೊಳಗಿನ ಕರ್ಣ ಎದ್ದು ಕೂತ. ಬಡಾವಣೆಯ 'ಬೇಡದ್ದನ್ನು ಬೇಕಾದವರಿಗೆ ಕೊಡುವ' ವಾಟ್ಸಾಪ್ ಗುಂಪಿಗೆ ಬರೆದೆ: "ಪ್ರೀತಿಯಿಂದ ಉಚಿತವಾಗಿ ಕೊಡುತ್ತಿದ್ದೇವೆ. ಡಬಲ್ ಹಾಸಿಗೆ, ಒಳ್ಳೇ ಕಂಡೀಷನ್. ನಿಜವಾಗಿ ಅಗತ್ಯ ಇರುವವರು ಮಾತ್ರ ಕೇಳಿ. ಸಾಗಣೆ ನಿಮ್ಮದೇ." ಕೆಳಗೆ ಒಂದು ಕೆಂಪು ಹೃದಯ.

ಈ ಗುಂಪುಗಳಿಗೆ ದೊಡ್ಡ ವಂಶವೇ ಇದೆ. 2003ರ ಮೇ 1ರಂದು ಅಮೆರಿಕದ ಅರಿಜೋನಾದ ಟೂಸಾನ್ ಊರಿನಲ್ಲಿ ಡೆರಾನ್ ಬೀಲ್ ಅನ್ನುವವರು ಮೂವತ್ತು ನಲವತ್ತು ಸ್ನೇಹಿತರಿಗೆ ಒಂದು ಇಮೇಲ್ ಕಳಿಸಿದರು. ಬಳಸಬಹುದಾದ ಸಾಮಾನು ಕಸದ ಗುಂಡಿಗೆ ಹೋಗುವ ಬದಲು ಇನ್ನೊಬ್ಬರ ಮನೆಗೆ ಹೋಗಲಿ ಅಂತ. ಫ್ರೀಸೈಕಲ್ ಹುಟ್ಟಿದ್ದು ಹಾಗೆ. ಹತ್ತು ವರ್ಷದ ಮೇಲೆ, 2013ರ ಜುಲೈನಲ್ಲಿ, ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ ಇಬ್ಬರು ಗೆಳತಿಯರು 'ಬೈ ನಥಿಂಗ್' ಶುರು ಮಾಡಿದರು. ಅವರಲ್ಲಿ ಒಬ್ಬರು ನೇಪಾಳದ ಹಿಮಾಲಯದ ಹಳ್ಳಿಗಳಲ್ಲಿ ಜನ ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಂಡು ಬದುಕುವುದನ್ನು ಕಂಡು ಬಂದವರು. ಅಂದರೆ ಐಡಿಯಾ ಹಿಮಾಲಯದಿಂದ ಹೊರಟು, ಅಮೆರಿಕಕ್ಕೆ ಹೋಗಿ, ಅಲ್ಲಿಂದ ನಮ್ಮ ಬಡಾವಣೆಯ ಎರಡನೇ ಅಡ್ಡರಸ್ತೆಗೆ ಬಂದು ತಲುಪಿದೆ. ಇಷ್ಟು ದೂರದ ಪ್ರಯಾಣದಲ್ಲಿ 'ಬಳಸಬಹುದಾದ' ಅನ್ನುವ ಒಂದು ಪದ ಎಲ್ಲೋ ಬಿದ್ದುಹೋಗಿದೆ, ಅಷ್ಟೇ.

ವಾಟ್ಸಾಪ್‌ನ ಒಂದು ಗುಂಪಿನಲ್ಲಿ 1,024 ಜನ ಇರಬಹುದು. ನಮ್ಮದು ತುಂಬಿ ತುಳುಕುತ್ತಿದೆ. ಯಾರಾದರೂ ಮನೆ ಖಾಲಿ ಮಾಡಿದರೆ ಮಾತ್ರ ಹೊಸಬರಿಗೆ ಜಾಗ. ಹಾಗೆ ಖಾಲಿ ಮಾಡುವವರು ಹೋಗುವ ಮುಂಚೆ ಇಡೀ ಮನೆಯನ್ನು ಗುಂಪಿಗೆ ಸುರಿದು ಹೋಗುತ್ತಾರೆ. ಕಳೆದ ತಿಂಗಳ ಸರಕು ಸುಮ್ನೆ ನೋಡಿ. ಮುಚ್ಚಳ ಇಲ್ಲದ ಮಿಕ್ಸಿ ಜಾರು. ಜಾರು ಇಲ್ಲದ ಮಿಕ್ಸಿ ಮುಚ್ಚಳ. (ಎರಡೂ ಬೇರೆ ಬೇರೆ ಕಂಪನಿಯವು, ನಾನೇ ಹೊಂದಿಸಿ ನೋಡಿದೆ.) ಗಣಪತಿ ಕೂರಿಸಿದ್ದ ಥರ್ಮೋಕೋಲ್ ಮಂಟಪ, ಎಡಗಡೆಯ ಕಂಬ ಇಲ್ಲ. ಗೃಹಪ್ರವೇಶಕ್ಕೆ ಬಂದ ಹಾಟ್‌ಪ್ಯಾಕ್‌ಗಳು, ಡಬ್ಬ ಒಡೆಯದೆ. ಗೋಡೆ ಗಡಿಯಾರಗಳು, ಒಂದೊಂದೂ ಒಂದೊಂದು ಗಂಟೆ ತೋರಿಸುತ್ತವೆ. ಅರ್ಧ ಡಬ್ಬ ಪ್ರೋಟೀನ್ ಪುಡಿ: "ಮಗನಿಗೆ ಹಿಡಿಸಲಿಲ್ಲ, ನಿಮ್ಮ ಮಗನಿಗೆ ಹಿಡಿಸಬಹುದು." ಸೀಟಿ ಹೊಡೆಯದ ಕುಕ್ಕರ್: "ಸಣ್ಣ ರಿಪೇರಿ ಇದೆ." ಸೀಟಿ ಹೊಡೆಯದ ಕುಕ್ಕರನ್ನು ಅಪರಿಚಿತರ ಅಡುಗೆಮನೆಗೆ ಪ್ರೀತಿಯಿಂದ ಕಳಿಸುವುದಕ್ಕೆ ಪೊಲೀಸರು ಬೇರೆ ಹೆಸರು ಇಟ್ಟಿರಬಹುದು.

ಕೊಡುವವರು ಹೀಗಾದರೆ ತೆಗೆದುಕೊಳ್ಳುವವರು ಅವರ ಅಪ್ಪಂದಿರು. ನನ್ನ ಹಾಸಿಗೆಗೆ ಒಂದು ಗಂಟೆಯಲ್ಲಿ 14 ಜನ "ಇಂಟರೆಸ್ಟೆಡ್" ಅಂದರು. ಇಲ್ಲಿ ಇಂಟರೆಸ್ಟೆಡ್ ಅಂದರೆ ಬೇಕು ಅಂತಲ್ಲ, ಮಾತಾಡೋಣ ಅಂತ. ಎಷ್ಟು ಇಂಚು ದಪ್ಪ? ಬಿಲ್ ಇದ್ಯಾ? ವಾರಂಟಿ? ಮಂಚ ಯಾಕೆ ಕೊಡ್ತಿಲ್ಲ? ಹಾಸಿಗೆ ಜೊತೆ ದಿಂಬು ಬರತ್ತಾ, ಫೋಟೋದಲ್ಲಿ ಒಂದು ಇತ್ತಲ್ಲ? ಯಾವ ಫ್ಲೋರ್? ಲಿಫ್ಟಿಗೆ ಹಿಡಿಯುತ್ತಾ? ಹೋಮ್ ಡೆಲಿವರಿ ಮಾಡ್ತೀರಾ? ಒಬ್ಬರು ಹಿರಿಯರು ನೇರವಾಗಿ ಫೋನೇ ಮಾಡಿದರು. "ನೀವು ಯಾವ ದಿಕ್ಕಿಗೆ ತಲೆ ಹಾಕಿ ಮಲಗ್ತಿದ್ರಿ?" ನಾನು ಯೋಚಿಸಿ, "ಉತ್ತರಕ್ಕೆ ಇರಬೇಕು ಸಾರ್" ಎಂದೆ. "ಛೆ ಛೆ, 11 ವರ್ಷ ಉತ್ತರಕ್ಕಾ!" ಎಂದು ಇಟ್ಟುಬಿಟ್ಟರು. ಆ ರಾತ್ರಿ ಹೊಸ ಹಾಸಿಗೆಯ ಮೇಲೆ ನನಗೂ ನಿದ್ದೆ ಬರಲಿಲ್ಲ.

ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಅಂತಾರೆ. ಎಣಿಸಿದರೆ ಏನು ತಪ್ಪು ಅಂತ ಈಗ ನನಗೆ ಅನ್ನಿಸುತ್ತದೆ. ಹಲ್ಲೇ ಇಲ್ಲದ ಹಸು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನಚಿಕೇತನ ಅಪ್ಪನನ್ನೇ ನೋಡಿ. ಸರ್ವಸ್ವ ದಾನದ ಯಾಗ ಮಾಡುತ್ತೇನೆ ಅಂತ ಹೊರಟವನು ಸಾಲಾಗಿ ನಿಲ್ಲಿಸಿದ್ದು ಎಂಥ ಹಸುಗಳನ್ನು? ಕುಡಿಯುವ ನೀರು ಕುಡಿದು ಮುಗಿಸಿದ, ಮೇಯುವ ಹುಲ್ಲು ಮೇದು ಮುಗಿಸಿದ, ಕರೆಯುವ ಹಾಲು ಕರೆಸಿಕೊಂಡು ಮುಗಿಸಿದ ಮುದಿ ಹಸುಗಳನ್ನು. ಇವತ್ತಾಗಿದ್ದರೆ ಫೋಟೋ ಕೆಳಗೆ "ಜೆಂಟ್ಲಿ ಯೂಸ್ಡ್, ಪಿಕಪ್ ಓನ್ಲಿ" ಅಂತ ಬರೆಯುತ್ತಿದ್ದ. ಮಗ ಪಾಪ "ಅಪ್ಪಾ, ನನ್ನನ್ನ ಯಾರಿಗೆ ಕೊಡ್ತೀಯ?" ಅಂತ ಮೂರು ಸಲ ಕೇಳಿ ಯಮನ ಮನೆಗೆ ಹೋಗಬೇಕಾಯಿತು. ನಮ್ಮ ಮನೆಯಲ್ಲಿ ಎಂಟನೇ ಕ್ಲಾಸಿನ ಮಗಳು ಕೇಳಿದಳು: "ಅಪ್ಪಾ, ಈ ಹಾಸಿಗೆ ನಿಂಗೆ ಯಾರಾದ್ರೂ ಫ್ರೀಯಾಗಿ ಕೊಟ್ರೆ ತಗೋತೀಯಾ?" ಅವಳೂ ಮೂರು ಸಲ ಕೇಳಿದಳು. ನಾನು ಯಮನವರೆಗೆ ಹೋಗಲಿಲ್ಲ. ಹೋಮ್‌ವರ್ಕ್ ಮಾಡು ಹೋಗು ಎಂದೆ.

ಅಡ್ಮಿನ್ ಇಲ್ಲದೆ, ಇಂಟರ್ನೆಟ್ ಇಲ್ಲದೆ, ಬೇಡದ ವಸ್ತುವನ್ನು ಗೌರವದಿಂದ ದಾಟಿಸುವ ವ್ಯವಸ್ಥೆ ನಮ್ಮಲ್ಲಿ ಇರಲಿಲ್ಲವೇ? ಇತ್ತು. ಬ್ಲೌಸ್ ಪೀಸು. ಅರಿಶಿನ ಕುಂಕುಮಕ್ಕೆ ಹೋದವರಿಗೆ ಎಲೆ, ಅಡಿಕೆ, ತೆಂಗಿನಕಾಯಿ ಜೊತೆ ಕೊಡುವ ಆ ತುಂಡು ಬಟ್ಟೆಯನ್ನು ಯಾರೂ ಹೊಲಿಸಿಕೊಂಡದ್ದನ್ನು ನಾನು ನೋಡಿಲ್ಲ. ನಮ್ಮ ಅಮ್ಮನ ಬೀರುವಿನ ಮೇಲಿನ ತಟ್ಟಿನಲ್ಲಿ ಅವುಗಳದೇ ಒಂದು ಕಟ್ಟು ಇರುತ್ತಿತ್ತು. ಒಂದೊಂದರ ಮಡಿಕೆಯೊಳಗೂ ಹಾಲಿನ ಲೆಕ್ಕದ ಚೀಟಿಯ ಹಿಂಬದಿ ಹರಿದ ಒಂದು ತುಂಡು. ಅದರ ಮೇಲೆ ಪೆನ್ಸಿಲ್ಲಿನಲ್ಲಿ 'ಮೂಲೆಮನೆ', 'ಟೀಚರು', 'ಹಾಸನ'. ಯಾರ ಮನೆಯಿಂದ ಬಂತೋ ಅವರಿಗೇ ವಾಪಸ್ ಹೋಗಬಾರದು, ಅದಕ್ಕೆ ಈ ಕಡತ. ಎಷ್ಟು ಮನೆ ಸುತ್ತಿದರೂ ಆ ಬಟ್ಟೆಯ ಗರಿ ಮುರಿಯುತ್ತಿರಲಿಲ್ಲ, ಕೊಟ್ಟವರ ಮುಖವೂ ಸಣ್ಣದಾಗುತ್ತಿರಲಿಲ್ಲ. ಇನ್ನು ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡಲು ಬರುತ್ತಿದ್ದವಳು. ಅಪ್ಪನ ಪ್ಯಾಂಟನ್ನು ಬೆಳಕಿಗೆ ಹಿಡಿದು, ಕೂರುವ ಜಾಗ ಸವೆದಿದೆ ಅಂತ ಇಡೀ ಬೀದಿಗೆ ಕೇಳುವ ಹಾಗೆ ಹೇಳಿ, ಬಕೆಟ್ಟಿನಿಂದ ಚೊಂಬಿಗೆ ಇಳಿದುಬಿಡುತ್ತಿದ್ದಳು. ಅವಮಾನ ಆಗುತ್ತಿತ್ತು, ನಿಜ. ಆದರೆ ಅವಳ ಮುಂದೆ ಯಾರೂ ದಾನಿ ಆಗಲು ಸಾಧ್ಯ ಇರಲಿಲ್ಲ.

2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ನಮ್ಮ ಬೀದಿಯಿಂದಲೂ ಒಂದು ಟೆಂಪೋ ತುಂಬಿಸಿದೆವು. ಮೂಟೆ ಕಟ್ಟುವ ಕೆಲಸ ನನ್ನದು. ಬಂದ ಬಟ್ಟೆಯಲ್ಲಿ ಒಂದು ಮೆರೂನ್ ಕೋಟು ಇತ್ತು, ಮದುವೆಯಲ್ಲಿ ಹಾಕಿದ್ದು, ಜೇಬಿನಲ್ಲಿ ಇನ್ನೂ ಅಕ್ಷತೆ ಇತ್ತು. ಮನೆಯೊಳಗೆ ಎದೆಯೆತ್ತರ ನೀರು ನಿಂತವರು ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗಬೇಕಿತ್ತೋ ಗೊತ್ತಿಲ್ಲ. ನಾನು ಅದನ್ನು ಬೇರೆ ಎತ್ತಿಟ್ಟೆ. ಕೊಟ್ಟವರು ನೋಡಿ, "ಯಾಕೆ, ಅವರಿಗೂ ಫಂಕ್ಷನ್ ಇರಲ್ವಾ?" ಅಂದರು.

ಇರಲಿ, ಹಾಸಿಗೆಗೆ ಬರೋಣ. 14 ಜನರಲ್ಲಿ 13 ಮಂದಿ ಕರಗಿದರು. ಎರಡು ರಸ್ತೆ ಆಚೆಯ ಒಬ್ಬ ಮಹನೀಯರು ಮಾತ್ರ ಗೂಡ್ಸ್ ಆಟೋ ತಂದರು. ಹೊಸ ಹಾಸಿಗೆ ಬಂದಿದ್ದ ದಪ್ಪ ಪ್ಲಾಸ್ಟಿಕ್ ಕವರಿನಲ್ಲೇ ಹಳೇದನ್ನು ಸುತ್ತಿ, ಹಗ್ಗ ಬಿಗಿದು, ನಾಲ್ಕು ಮಹಡಿ ನಾನೇ ಒಂದು ತುದಿ ಹಿಡಿದು ಇಳಿಸಿದೆ. ಆಟೋ ಬಾಡಿಗೆಗೆ ಅವರ ಹತ್ತಿರ ಚಿಲ್ಲರೆ ಇರಲಿಲ್ಲ. ಇನ್ನೂರು ಕೊಟ್ಟೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಆದರೂ ಗುಂಪಿನಲ್ಲಿ "ಒಳ್ಳೆಯ ಮನೆ ಸೇರಿತು" ಅಂತ ಹಾಕಿದಾಗ 46 ಹೃದಯಗಳು ಬಂದವು. ಅಷ್ಟು ಹೃದಯ ನನ್ನ ಮದುವೆಯ ಫೋಟೋಗೂ ಬಂದಿರಲಿಲ್ಲ.

ಐದನೇ ದಿನ ಸಂಜೆ ಹಾಲು ತರಲು ಹೋದಾಗ ಖಾಲಿ ಸೈಟಿನ ಮೂಲೆಯಲ್ಲಿ, 'ಇಲ್ಲಿ ಕಸ ಹಾಕಬಾರದು' ಬೋರ್ಡಿಗೆ ಒರಗಿಕೊಂಡು ನಿಂತಿತ್ತು. ಕವರ್ ಅರ್ಧ ಹರಿದಿತ್ತು. ಕಾಫಿ ಕಲೆ ನನ್ನನ್ನು ನೋಡಿ ಗುರುತು ಹಿಡಿಯಿತು. ಒಂದು ಬೀದಿನಾಯಿ ಬಂದು, ಮೂಸಿ, ಪಕ್ಕದ ಜಲ್ಲಿ ರಾಶಿಯ ಮೇಲೆ ಹೋಗಿ ಮಲಗಿತು.

ಮನೆಗೆ ಬಂದ ಮೇಲೆ ನನಗೆ ಎದೆ ಧಸಕ್ ಎಂದಿತು. ಆ ಕವರಿನ ಮೇಲೆ ಡೆಲಿವರಿಯ ಸ್ಟಿಕ್ಕರ್ ಇದೆ! ನನ್ನ ಹೆಸರು, ಫ್ಲ್ಯಾಟ್ ನಂಬರು, ಮೊಬೈಲು, ಎಲ್ಲ. ಬೆಂಗಳೂರಿನಲ್ಲಿ 2025ರ ಅಕ್ಟೋಬರ್‌ನಲ್ಲಿ ಏನಾಯಿತು ಗೊತ್ತಲ್ಲ? ರಸ್ತೆಯಲ್ಲಿ ಕಸ ಎಸೆದವರನ್ನು ಪತ್ತೆ ಹಚ್ಚಿ, ಅವರವರ ಮನೆ ಬಾಗಿಲಿಗೇ ಕಸ ತಂದು ಸುರಿದು, ದಂಡ ಹಾಕಿದರು. ಅದಕ್ಕೆ 'ಕಸ ಸುರಿಯುವ ಹಬ್ಬ' ಅಂತ ಹೆಸರು. ನಮ್ಮ ಗುಂಪಿನವರು ಬಾಯಿ ಬಾಯಿ ಬಡಿದುಕೊಂಡರೂ ಸಿಗದ ಹೋಮ್ ಡೆಲಿವರಿಯನ್ನು ಈ ಊರಲ್ಲಿ ಒಬ್ಬರಾದರೂ ಮಾಡಿ ತೋರಿಸಿದರು. ನನ್ನ ಹಾಸಿಗೆ ನಾಲ್ಕು ಮಹಡಿ ಹತ್ತಿ ವಾಪಸ್ ಬರುವ ಚಿತ್ರ ರಾತ್ರಿಯಿಡೀ ಕಣ್ಣ ಮುಂದೆ ಓಡಿತು. ತಲೆಯನ್ನು ಈ ಸಲ ದಕ್ಷಿಣಕ್ಕೆ ಹಾಕಿದ್ದೆ, ಉಪಯೋಗ ಆಗಲಿಲ್ಲ.

ಬೆಳಗಿನ ಜಾವ ಐದಕ್ಕೆ ಎದ್ದು, ಮಂಕಿ ಕ್ಯಾಪ್ ಹಾಕಿಕೊಂಡು ಸೈಟಿಗೆ ಹೋದೆ. ಸ್ಟಿಕ್ಕರ್ ಸಲೀಸಾಗಿ ಬರಲಿಲ್ಲ. ಹಾಸಿಗೆಯನ್ನು ತಬ್ಬಿ ಹಿಡಿದು, ಬಗ್ಗಿ, ಉಗುರಿನಲ್ಲಿ ಕೆರೆದು ಕೆರೆದು ಮೊಬೈಲ್ ನಂಬರಿನ ಕೊನೆಯ ಅಂಕಿವರೆಗೂ ಕಿತ್ತೆ. ವಾಪಸ್ ಬಂದು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಗುಂಪು ಎದ್ದಿತ್ತು. ಮಂಕಿ ಕ್ಯಾಪ್ ಹಾಕಿದ ಒಬ್ಬ ಮನುಷ್ಯ ಕತ್ತಲಲ್ಲಿ ಬೆನ್ನು ಮಾಡಿ ಬಗ್ಗಿ ಹಾಸಿಗೆ ಹಿಡಿದಿರುವ ಫೋಟೋ. "ಇವತ್ತು ಬೆಳಗ್ಗೆ ನನ್ನ ವಾಕಿಂಗ್ ಟೈಮಲ್ಲಿ ಕಂಡದ್ದು. ನಮ್ಮ ಬಡಾವಣೆಗೆ ಇಂಥವರು ಬೇಕಾ?" ಹಾಕಿದವರು ಗೂಡ್ಸ್ ಆಟೋದ ಮಹನೀಯರು.

ಕೆಳಗೆ ಇಪ್ಪತ್ತು ಕೋಪದ ಮುಖಗಳು ಇದ್ದವು. ನಾನೂ ಒಂದು ಹಾಕಿದೆ. ಹಾಕಿ ಫೋನ್ ಕೆಳಗಿಡುವಷ್ಟರಲ್ಲಿ ಇನ್ನೊಂದು ಮೆಸೇಜು ಬಂತು.

"ಇಂಟರೆಸ್ಟೆಡ್. ಯಾವ ಫ್ಲೋರ್?"